ಖಾಲಿ ಸೀಟಿನ ಲೆಕ್ಕ

ಒಂದೇ ವಿಮಾನ, ಒಂದೇ ಸಾಲು, ಅಕ್ಕಪಕ್ಕದ ಮೂರು ಸೀಟು. ಕುಳಿತ ಮೂವರೂ ಹೋಗುವುದು ಒಂದೇ ಊರಿಗೆ, ಕುಡಿಯುವುದು ಅದೇ ನೀರು, ಆದರೆ ಮೂವರು ಕೊಟ್ಟ ಹಣ ಮೂರು ಬಗೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗಿಂತ ಮೂರು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಹೋಟೆಲಿನಲ್ಲೂ ಇದೇ ಕಥೆ. ಬೆಳಿಗ್ಗೆ ನೋಡಿದ ಕೋಣೆಯ ಬಾಡಿಗೆ ಸಂಜೆಗೆ ಏರಿರುತ್ತದೆ, ಮರುದಿನ ಇಳಿದಿರುತ್ತದೆ. ಇದನ್ನು ಕಂಡವರು ಸಾಮಾನ್ಯವಾಗಿ ‘ಮೋಸ’ ಎಂದು ಬೈದು ಸುಮ್ಮನಾಗುತ್ತಾರೆ. ಬೈಗುಳಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಈ ಬೆಲೆಯಾಟದ ಬೇರು ಹುಡುಕುತ್ತಾ ಹೋದರೆ ಪ್ರವಾಸೋದ್ಯಮದ ಇಡೀ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಬೇರು ಇರುವುದು ಒಂದು ಸರಳ ಸಂಗತಿಯಲ್ಲಿ. ಇವತ್ತು ಮಾರಾಟವಾಗದ ಬಟ್ಟೆಯನ್ನು ಮುಂದಿನ ತಿಂಗಳು ಮಾರಬಹುದು. ಅಕ್ಕಿ ಮೂಟೆ ಗೋದಾಮಿನಲ್ಲಿ ಕಾಯುತ್ತದೆ. ವಿಮಾನದ ಸೀಟು ಕಾಯುವುದಿಲ್ಲ. ಬಾಗಿಲು ಮುಚ್ಚಿದ ಕ್ಷಣಕ್ಕೆ ಖಾಲಿ ಉಳಿದ ಸೀಟಿನ ಬೆಲೆ ಸೊನ್ನೆ. ಇವತ್ತಿನ ರಾತ್ರಿ ಖಾಲಿ ಉಳಿದ ಹೋಟೆಲ್ ಕೋಣೆಯನ್ನು ನಾಳೆ ಎರಡು ಸಲ ಬಾಡಿಗೆಗೆ ಕೊಡಲು ಆಗುವುದಿಲ್ಲ. ಇತ್ತ ಖರ್ಚು ಮಾತ್ರ ಕಡಿಮೆಯಾಗದು: ಐವರು ಕುಳಿತರೂ ನೂರೈವತ್ತು ಜನ ಕುಳಿತರೂ ಪೈಲಟ್‌ಗೆ ಅದೇ ಸಂಬಳ, ಇಂಧನವೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಆ ಖಾಲಿ ಸೀಟಿನ ನಷ್ಟ ಯಾರ ತಲೆಗೆ? ಕಳೆದ ಸುಮಾರು 180 ವರ್ಷಗಳಲ್ಲಿ ಈ ಉದ್ಯಮದಲ್ಲಿ ಆದ ದೊಡ್ಡ ಬದಲಾವಣೆಗಳೆಲ್ಲ ಈ ಒಂದು ಪ್ರಶ್ನೆಗೆ ಸಿಕ್ಕ ಹೊಸ ಹೊಸ ಉತ್ತರಗಳು ಎಂದು ನನಗೆ ಅನಿಸುತ್ತದೆ.

ಲೆಸ್ಟರ್‌ನಿಂದ ಹೊರಟ ರೈಲು

1841ರ ಜುಲೈ 5. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಿಂದ ಲಾಫ್‌ಬರೋಗೆ ಒಂದು ವಿಶೇಷ ರೈಲು ಹೊರಟಿತು. ದೂರ ಹನ್ನೊಂದು ಹನ್ನೆರಡು ಮೈಲಿ, ದರ ತಲೆಗೆ ಒಂದು ಷಿಲ್ಲಿಂಗ್, ಜನ ಸುಮಾರು 500. ಹೊರಡಿಸಿದವರು ಥಾಮಸ್ ಕುಕ್, ಮರಗೆಲಸ ಕಲಿತು, ಧರ್ಮಪ್ರಚಾರ ಮಾಡಿ, ಕುಡಿತದ ವಿರುದ್ಧ ಹೋರಾಡುತ್ತಿದ್ದ ಮನುಷ್ಯ. ಹೊರಟವರೆಲ್ಲ ಪಾನನಿರೋಧ ಸಭೆಗೆ ಹೋಗುತ್ತಿದ್ದವರು. ಬೋಗಿಗಳಿಗೆ ಮೇಲ್ಛಾವಣಿ ಇರಲಿಲ್ಲ, ಎಂಜಿನ್ನಿನ ಹೊಗೆಯೂ ಕಿಡಿಯೂ ನೇರವಾಗಿ ಮೈಮೇಲೆ. ಅಷ್ಟಾದರೂ ದಾರಿಯುದ್ದಕ್ಕೂ ಸೇತುವೆಗಳ ಮೇಲೆ ಜನ ನೋಡಲು ನಿಂತಿದ್ದರು, ರೈಲಿನಲ್ಲಿ ಬ್ಯಾಂಡ್ ಬಾರಿಸುತ್ತಿತ್ತು.

ಆಧುನಿಕ ಪ್ರವಾಸೋದ್ಯಮ ಶುರುವಾದದ್ದು ಇಲ್ಲಿಂದ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಜನ ಗುಂಪಾಗಿ ಊರೂರು ಸುತ್ತುವುದು ಎಷ್ಟೋ ಹಳೆಯದು, ತೀರ್ಥಯಾತ್ರೆಗಳು ಸಾವಿರಾರು ವರ್ಷಗಳಿಂದ ಇವೆ. ರೈಲು ಕಂಪನಿಗಳೂ ಅದಕ್ಕೂ ಮೊದಲೇ ಅಗ್ಗದ ವಿಶೇಷ ರೈಲು ಓಡಿಸಿದ್ದುಂಟು. ಕುಕ್ ಮಾಡಿದ ಹೊಸ ಕೆಲಸ ಬೇರೆ. ಅವರು ರೈಲು ಕಂಪನಿಯ ಬಳಿ ಹೋಗಿ, ಇಷ್ಟು ಜನರನ್ನು ನಾನು ತರುತ್ತೇನೆ, ನೀವು ದರ ಇಳಿಸಿ ಎಂದರು. ರೈಲು ತುಂಬಿಸುವ ಹೊಣೆ ಕಂಪನಿಯಿಂದ ಕಳಚಿ ಮಧ್ಯವರ್ತಿಯ ಹೆಗಲಿಗೆ ಬಂತು, ಆ ಹೊಣೆಗೆ ಸಿಕ್ಕ ಪ್ರತಿಫಲವೇ ರಿಯಾಯಿತಿ. ಟ್ರಾವೆಲ್ ಏಜೆಂಟ್ ಎಂಬ ಕಸುಬು ಹುಟ್ಟಿದ್ದು ಈ ಕೊಡುಕೊಳ್ಳುವಿಕೆಯಲ್ಲಿ.

1845ರಲ್ಲಿ ಲಾಭದ ಉದ್ದೇಶದ ಮೊದಲ ಪ್ರವಾಸವನ್ನು ಲಿವರ್‌ಪೂಲ್‌ಗೆ ಏರ್ಪಡಿಸುವ ಮುನ್ನ ಕುಕ್ ಆ ದಾರಿಯಲ್ಲಿ ತಾವೇ ಓಡಾಡಿ, ಉಳಿಯುವ ಜಾಗಗಳನ್ನು ನೋಡಿ, ಒಂದು ಕೈಪಿಡಿ ಅಚ್ಚು ಹಾಕಿಸಿದರು. ಇವತ್ತಿಗೂ ಒಳ್ಳೆಯ ಟೂರ್ ಆಪರೇಟರ್ ಮಾಡುವ ಮೊದಲ ಕೆಲಸ ಇದೇ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅವರು ಒಂದೂವರೆ ಲಕ್ಷದಷ್ಟು ಜನರನ್ನು ಕರೆದೊಯ್ದರು. ಅದಕ್ಕಿಂತ ದೊಡ್ಡ ಬುದ್ಧಿವಂತಿಕೆ ಕಂಡದ್ದು 1868ರಲ್ಲಿ, ಹೋಟೆಲ್ ಕೂಪನ್ ರೂಪದಲ್ಲಿ. ಪ್ರವಾಸಿ ಊಟ, ವಸತಿಯ ಚೀಟಿಗಳನ್ನು ಮನೆಯಲ್ಲೇ ಕೊಂಡು ಹೊರಡುತ್ತಾನೆ. ಅಲ್ಲಿ ಹೋಟೆಲಿನವರಿಗೆ ಚೀಟಿ ಕೊಡುತ್ತಾನೆ. ಹೋಟೆಲಿನವರು ಆ ಚೀಟಿಗಳನ್ನು ಕುಕ್ ಅವರ ಕಂಪನಿಗೆ ಕಳುಹಿಸಿ ಹಣ ಪಡೆಯುತ್ತಾರೆ. ಪ್ರವಾಸಿಗೆ ಪರನಾಡಿನಲ್ಲಿ ಚೌಕಾಸಿಯ ಕಾಟ ತಪ್ಪಿತು. ಹೋಟೆಲಿಗೆ ಗಿರಾಕಿ ಖಚಿತವಾದ. ಇವೆರಡರ ನಡುವೆ, ಚೀಟಿ ಮಾರಿದ ದಿನಕ್ಕೂ ಹೋಟೆಲಿಗೆ ಹಣ ತಲುಪುವ ದಿನಕ್ಕೂ ಮಧ್ಯದ ವಾರಗಳಲ್ಲಿ, ಹಣ ಮಧ್ಯವರ್ತಿಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ತಂದ ಟ್ರಾವೆಲರ್ಸ್ ಚೆಕ್, ಅಂದರೆ ಮೊದಲೇ ಹಣ ಕಟ್ಟಿ ಕೊಂಡು ಪರನಾಡಿನಲ್ಲಿ ನಗದಾಗಿಸುವ ಚೆಕ್, ಕೂಡ ನಡೆದದ್ದು ಇದೇ ಬಲದ ಮೇಲೆ. ಮಧ್ಯದಲ್ಲಿ ನಿಲ್ಲುವ ಈ ಹಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ದೊಡ್ಡ ಕುಸಿತಕ್ಕೆ ನಾವು ಬರಬೇಕಾಗುತ್ತದೆ.

ರಜೆ ಬಂತು, ಎಲ್ಲರಿಗೂ ಒಟ್ಟಿಗೆ

ರೈಲು, ಹಡಗು, ಕೂಪನ್ ಎಲ್ಲ ಇದ್ದರೂ ಕೂಲಿ ಮಾಡುವವರಿಗೆ ವಾರಗಟ್ಟಲೆ ರಜೆ ಇರಲಿಲ್ಲ. ಇದ್ದರೂ ಆ ದಿನಗಳಿಗೆ ಸಂಬಳವಿರಲಿಲ್ಲ. ಫ್ರಾನ್ಸ್ 1936ರಲ್ಲಿ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಈ ಬಗ್ಗೆ ತನ್ನ 52ನೇ ಒಡಂಬಡಿಕೆ ಅಂಗೀಕರಿಸಿತು. ಬ್ರಿಟನ್ನಿನ ಕಾಯ್ದೆ ಬಂದದ್ದು 1938ರಲ್ಲಿ. ಪ್ರವಾಸೋದ್ಯಮದ ಚರಿತ್ರೆಯಲ್ಲಿ ಜೆಟ್ ಎಂಜಿನ್ನಿಗೆ ಸಿಗುವ ಜಾಗ ಈ ಕಾಯ್ದೆಗಳಿಗೆ ಸಿಗುವುದಿಲ್ಲ, ಅದು ನ್ಯಾಯವಲ್ಲ. ಕೊಳ್ಳುವವರನ್ನು ಹುಟ್ಟಿಸಿದ್ದು ಈ ಕಾಯ್ದೆಗಳೇ.

ಜೊತೆಗೆ ಇವು ಒಂದು ತೊಡಕನ್ನೂ ತಂದವು. ಕಾರ್ಖಾನೆ, ಶಾಲೆ ಎಲ್ಲ ಮುಚ್ಚುವುದು ಅದೇ ಬೇಸಿಗೆಯಲ್ಲಿ. ಎರಡು ತಿಂಗಳು ಜಾಗವಿಲ್ಲದಷ್ಟು ನೂಕುನುಗ್ಗಲು, ಉಳಿದ ತಿಂಗಳುಗಳಲ್ಲಿ ಬಿಕೋ ಎನ್ನುವ ಕಡಲತೀರ. ಹೋಟೆಲ್ ಕಟ್ಟಬೇಕಾದದ್ದು ಆ ಎರಡು ತಿಂಗಳ ಜನಕ್ಕೆ, ಸಾಲದ ಕಂತು ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು.

ಡಕೋಟಾ ಮತ್ತು ಗುಡಾರ

1950ರ ಮೇ ತಿಂಗಳು. ಯುದ್ಧ ಮುಗಿದು ಐದು ವರ್ಷವಾದರೂ ಬ್ರಿಟನ್ನಿನಲ್ಲಿ ಮಾಂಸಕ್ಕೆ ಇನ್ನೂ ರೇಷನ್. ಗ್ಯಾಟ್ವಿಕ್‌ನಿಂದ 32 ಸೀಟಿನ ಒಂದು ಡಕೋಟಾ ವಿಮಾನ ಕಾರ್ಸಿಕಾ ದ್ವೀಪದ ಕಾಲ್ವಿಗೆ ಹೊರಟಿತು. ಅದನ್ನು ಬಾಡಿಗೆಗೆ ಹಿಡಿದದ್ದು ವ್ಲಾದಿಮಿರ್ ರೈಟ್ಸ್, ಆಗಷ್ಟೇ ಹೊರೈಜನ್ ಹಾಲಿಡೇಸ್ ಕಂಪನಿ ತೆರೆದಿದ್ದ ಯುವಕ. ಅಜ್ಜಿಯಿಂದ ಬಂದ 3,000 ಪೌಂಡ್ ಬಂಡವಾಳ. ವಿಮಾನ, ಗುಡಾರದಲ್ಲಿ ವಸತಿ, ದಿನಕ್ಕೆ ಎರಡು ಹೊತ್ತು ಮಾಂಸದೂಟ, ಎಲ್ಲ ಸೇರಿ 32 ಪೌಂಡ್ 10 ಷಿಲ್ಲಿಂಗ್. ನಿತ್ಯದ ವಿಮಾನದಲ್ಲಿ ಆ ಕಡೆ ಹೋಗಿಬರಲು ಟಿಕೆಟ್ಟಿಗೇ ಇದರ ಎರಡರಷ್ಟು ಬೇಕಿತ್ತು. ಸರ್ಕಾರಿ ವಿಮಾನ ಕಂಪನಿಗೆ ಪೆಟ್ಟಾಗಬಾರದೆಂದು ಸರ್ಕಾರ ತಿಂಗಳುಗಟ್ಟಲೆ ಸತಾಯಿಸಿ ಕೊನೆಗೆ ಒಂದು ಷರತ್ತು ಹಾಕಿತು: ಶಿಕ್ಷಕರು ಮತ್ತು ವಿದ್ಯಾರ್ಥಿಗಳಿಗೆ ಮಾತ್ರ ಮಾರಬೇಕು.

ಅರ್ಧ ಬೆಲೆಗೆ ಹೇಗೆ ಸಾಧ್ಯವಾಯಿತು? ಲೆಕ್ಕ ಸುಲಭ. ಒಂದು ಹಾರಾಟದ ಒಟ್ಟು ಖರ್ಚು 18,000 ಎಂದಿಟ್ಟುಕೊಳ್ಳಿ, ಸೀಟು 180. ಅರ್ಧ ತುಂಬಿದರೆ ತಲೆಗೆ 200 ಬೀಳುತ್ತದೆ. ನೂರಕ್ಕೆ ತೊಂಬತ್ತು ತುಂಬಿದರೆ, ಅಂದರೆ 162 ಜನ ಕುಳಿತರೆ, ತಲೆಗೆ 111. ನಿತ್ಯದ ವಿಮಾನ ವೇಳಾಪಟ್ಟಿಗೆ ಕಟ್ಟುಬಿದ್ದು ಜನವಿರಲಿ ಬಿಡಲಿ ಹಾರಬೇಕು, ಹೀಗೆ ಇಡಿಯಾಗಿ ಬಾಡಿಗೆಗೆ ಹಿಡಿದ ಚಾರ್ಟರ್ ವಿಮಾನ ಜನ ಸೇರಿದ ದಿನ ಮಾತ್ರ ಹಾರುತ್ತದೆ. ಅಗ್ಗದ ಗುಟ್ಟು ಸೀಟು ತುಂಬಿಸುವುದರಲ್ಲಿತ್ತು.

ಆದರೂ ಒಂದು ನಷ್ಟ ತಪ್ಪಿಸಲಾಗದು. ವಾರಕ್ಕೊಂದು ತಂಡದಂತೆ ಒಂದು ಸೀಸನ್ನಿನಲ್ಲಿ 20 ತಂಡ ಕಳುಹಿಸಬೇಕು ಎನ್ನಿ. ಪ್ರತಿವಾರ ವಿಮಾನ ಹೊಸ ತಂಡವನ್ನು ಇಳಿಸಿ ಹಳೆಯ ತಂಡವನ್ನು ವಾಪಸ್ ತರುತ್ತದೆ. ಮೊದಲ ವಾರ ವಾಪಸ್ ಕರೆತರಲು ಅಲ್ಲಿ ಯಾರೂ ಇಲ್ಲ, ಖಾಲಿ ಬರಬೇಕು. ಇಪ್ಪತ್ತನೇ ತಂಡವನ್ನು ಕರೆತರಲು ಕೊನೆಗೊಮ್ಮೆ ಖಾಲಿ ಹೋಗಬೇಕು. ಹಾಗಾಗಿ 20 ತಂಡಕ್ಕೆ 21 ಸುತ್ತು, 42 ಹಾರಾಟದಲ್ಲಿ ಎರಡು ಖಾಲಿ. ವಾಸ್ತವ್ಯ ಎರಡು ವಾರದ್ದಾದರೆ ನಾಲ್ಕು ಖಾಲಿ. ಈ ಖರ್ಚನ್ನು ಎಲ್ಲ ತಂಡಗಳ ಬೆಲೆಗೆ ಹಂಚಿ ಸೇರಿಸುತ್ತಾರೆ. ಸೀಸನ್ ಚಿಕ್ಕದಾದಷ್ಟೂ ಹಂಚುವ ತಲೆ ಕಡಿಮೆ, ಬೆಲೆ ಜಾಸ್ತಿ. ಸೀಸನ್ ಲಂಬಿಸಲು ಆಪರೇಟರುಗಳು ಅಷ್ಟೊಂದು ಒದ್ದಾಡುವುದು ಈ ಕಾರಣಕ್ಕೆ.

ಕೋಣೆಗಳ ಒಪ್ಪಂದದಲ್ಲೂ ಎರಡು ಬಗೆ. ‘ಕಮಿಟ್‌ಮೆಂಟ್’ ಎಂದರೆ ಕೋಣೆ ತುಂಬಲಿ ಬಿಡಲಿ ಆಪರೇಟರು ಹಣ ಕೊಡಲೇಬೇಕು, ಬದಲಿಗೆ ದರ ತುಂಬ ಕಡಿಮೆ. ‘ಅಲಾಟ್‌ಮೆಂಟ್’ ಎಂದರೆ ಹೋಟೆಲು ಇಂತಿಷ್ಟು ಕೋಣೆ ಕಾದಿರಿಸುತ್ತದೆ, ಗೊತ್ತುಪಡಿಸಿದ ದಿನದೊಳಗೆ, ಸಾಮಾನ್ಯವಾಗಿ ಎರಡು ಮೂರು ವಾರ ಮುಂಚೆ, ಮಾರಾಟವಾಗದ ಕೋಣೆಗಳನ್ನು ಆಪರೇಟರು ಮರಳಿಸಬಹುದು. ಮರಳಿ ಬಂದ ಕೋಣೆಯನ್ನು ತುಂಬಿಸಲು ಹೋಟೆಲಿಗೆ ಉಳಿಯುವುದು ಆ ಎರಡು ಮೂರು ವಾರ ಮಾತ್ರ. ಹಾಗಾಗಿ ಹೋಟೆಲಿನವರು ತಮ್ಮಲ್ಲಿರುವುದಕ್ಕಿಂತ ಹೆಚ್ಚು ಕೋಣೆಗಳಿಗೆ ಹಲವು ಆಪರೇಟರುಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಎಲ್ಲರೂ ಒಮ್ಮೆಲೇ ಮಾರಿಬಿಟ್ಟರೆ, ರಾತ್ರಿ ಬಂದಿಳಿದ ಕುಟುಂಬಕ್ಕೆ ಕೋಣೆಯಿಲ್ಲ, ಮೂರು ರಸ್ತೆ ಆಚೆಗಿನ ಇನ್ನೊಂದು ಹೋಟೆಲಿಗೆ ಸಾಗಹಾಕುತ್ತಾರೆ. ಸ್ಪೇನಿನ ಮೆಡಿಟರೇನಿಯನ್ ಕರಾವಳಿಯ ಎಷ್ಟೋ ಹೋಟೆಲುಗಳು 1960ರ ದಶಕದಲ್ಲಿ ಎದ್ದು ನಿಂತದ್ದೇ ಉತ್ತರ ಯುರೋಪಿನ ಆಪರೇಟರುಗಳು ಕೊಟ್ಟ ಮುಂಗಡದಿಂದ. ಸಾಲ ಕೊಟ್ಟವರೇ ಗಿರಾಕಿ ತರುವವರೂ ಆದಾಗ ದರ ನಿಗದಿ ಮಾಡುವವರು ಯಾರೆಂದು ಹೇಳಬೇಕಿಲ್ಲ.

ಇನ್ನು ಹಣದ ಹರಿವು. ಪ್ರವಾಸಿ ಬುಕಿಂಗ್ ದಿನ ಮುಂಗಡ ಕಟ್ಟುತ್ತಾನೆ, ಬಾಕಿಯನ್ನು ಹೊರಡುವುದಕ್ಕೆ ಎಂಟು ಹತ್ತು ವಾರ ಮೊದಲೇ ತೀರಿಸುತ್ತಾನೆ. ಹೋಟೆಲಿಗೆ ಹಣ ಸಂದಾಯವಾಗುವುದು ಆತ ಉಂಡು, ಮಲಗಿ, ಮನೆ ಸೇರಿ ಎರಡು ಮೂರು ತಿಂಗಳಾದ ಮೇಲೆ. ಬೇಸಿಗೆಯಲ್ಲಿ ಆಪರೇಟರ ಖಾತೆ ತುಂಬಿ ತುಳುಕುತ್ತದೆ, ಆದರೆ ಅದರಲ್ಲಿ ಬಹುಪಾಲು ಬೇರೆಯವರದ್ದು. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಹೊಸ ಬುಕಿಂಗ್ ಇಳಿಮುಖ, ಹಳೆಯ ಬಿಲ್ಲುಗಳೆಲ್ಲ ಒಟ್ಟಿಗೆ ಎದುರಿಗೆ. ಇಂಥ ಕಂಪನಿಗಳು ಬಿದ್ದರೆ ಹೆಚ್ಚಾಗಿ ಬೀಳುವುದು ಬೇಸಿಗೆ ಇಳಿಯುವ ಆ ಹೊತ್ತಿನಲ್ಲಿ. 1974ರ ಆಗಸ್ಟ್ 15ರಂದು ಬ್ರಿಟನ್ನಿನ ಕೋರ್ಟ್ ಲೈನ್ ವಿಮಾನ ಕಂಪನಿ ಮತ್ತು ಅದರ ಕೈಯಲ್ಲಿದ್ದ ಪ್ರವಾಸ ಕಂಪನಿ ಕ್ಲಾರ್ಕ್ಸನ್ಸ್ ಬಿದ್ದವು. ಬೆಲೆ ಸಮರದಲ್ಲಿ ಬಳಲಿದ್ದ ಉದ್ಯಮಕ್ಕೆ 1973ರ ತೈಲ ಬಿಕ್ಕಟ್ಟು ಬಡಿದಿತ್ತು. ಹತ್ತಾರು ಸಾವಿರ ಜನ ಪರದೇಶದಲ್ಲಿ ಉಳಿದರು. ಆಗಷ್ಟೇ ಶುರುವಾಗಿದ್ದ ಆಪರೇಟರು ಮುಳುಗಿದರೆ ಪ್ರವಾಸಿಯ ಹಣ ಕಾಯುವ ಬ್ರಿಟನ್ನಿನ ಅಟಾಲ್ ಭದ್ರತಾ ವ್ಯವಸ್ಥೆಯನ್ನು ಗಟ್ಟಿಗೊಳಿಸಿದ್ದು ಈ ಪೆಟ್ಟು.

2019ರ ಸೆಪ್ಟೆಂಬರ್ 23ರ ಬೆಳಗಿನ ಜಾವ ಥಾಮಸ್ ಕುಕ್ ಕಂಪನಿಯೇ ಮುಚ್ಚಿತು, ಲೆಸ್ಟರ್ ರೈಲಿನಿಂದ ಎಣಿಸಿದರೆ 178 ವರ್ಷ. ಅದಕ್ಕೆ ಒಂದೆರಡು ದಿನ ಮೊದಲು ನಡೆದ ಒಂದು ಸಂಗತಿ ನನ್ನನ್ನು ಇನ್ನೂ ಕಾಡುತ್ತದೆ. ಟುನೀಸಿಯಾದ ಹಮ್ಮಾಮೆತ್ ಬಳಿಯ ಒಂದು ಹೋಟೆಲಿನಲ್ಲಿ, ಕಂಪನಿ ತನ್ನ ಬಾಕಿ ಕೊಡಲಾರದು ಎಂದು ಹೆದರಿದ ಆಡಳಿತ ಗೇಟು ಹಾಕಿಸಿ, ಊರಿಗೆ ಹೊರಟ ಪ್ರವಾಸಿಗರ ಬಳಿ ಮತ್ತೆ ಹಣ ಕೇಳಿತು. ಗೇಟಿನ ಒಳಗಿದ್ದವರು ತಿಂಗಳುಗಳ ಹಿಂದೆಯೇ ಪೂರ್ತಿ ಹಣ ಕಟ್ಟಿದ್ದರು. ಗೇಟು ಹಾಕಿಸಿದವರಿಗೆ ಆ ಬೇಸಿಗೆಯ ಹಣ ಇನ್ನೂ ಬಂದಿರಲಿಲ್ಲ. ಸುಳ್ಳು ಹೇಳುತ್ತಿದ್ದವರು ಯಾರೂ ಇಲ್ಲ, 1868ರ ಕೂಪನ್ನಿನ ಕಾಲದಿಂದ ಮಧ್ಯದಲ್ಲಿ ನಿಂತ ಹಣ ಆ ದಿನ ಅಲ್ಲಿ ಇರಲಿಲ್ಲ, ಅಷ್ಟೇ. ಬೇರೆಬೇರೆ ದೇಶಗಳಲ್ಲಿ ಸಿಕ್ಕಿಬಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ಬ್ರಿಟನ್ ಸರ್ಕಾರ ಎರಡು ವಾರಗಳಲ್ಲಿ ವಾಪಸ್ ತಂದಿತು. ಹೋಟೆಲುಗಳ ಬಾಕಿಗೆ ಅಂಥ ರಕ್ಷಣೆ ಇರಲಿಲ್ಲ.

ಕೊನೆಯ ಸೀಟಿನ ಸೂತ್ರ

ವಿಮಾನ ಕಂಪನಿಗಳ ದಾರಿ ಬೇರೆ. 1950ರ ದಶಕದಲ್ಲಿ ಒಂದು ಬುಕಿಂಗ್ ಎಂದರೆ ದುಂಡಗೆ ತಿರುಗುವ ಕಾರ್ಡ್ ಪೆಟ್ಟಿಗೆಯ ಸುತ್ತ ಕುಳಿತ ನೌಕರರು ಕೈಯಿಂದ ಹುಡುಕಿ ಗುರುತು ಹಾಕುವ ಕೆಲಸ, ಒಂದಕ್ಕೆ ಸರಾಸರಿ ಒಂದೂವರೆ ಗಂಟೆ. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್ ಕಂಪ್ಯೂಟರ್ ವ್ಯವಸ್ಥೆ 1960ರಲ್ಲಿ ಶುರುವಾಗಿ 1964ಕ್ಕೆ ಪೂರ್ತಿಯಾಯಿತು, ಕೆಲಸ ಸೆಕೆಂಡುಗಳಿಗೆ ಇಳಿಯಿತು. ವೇಗಕ್ಕಿಂತ ದೊಡ್ಡ ಲಾಭ ಇನ್ನೊಂದು: ಯಾವ ದಿನ, ಯಾವ ವಿಮಾನಕ್ಕೆ, ಎಷ್ಟು ಮುಂಚೆ ಎಷ್ಟು ಸೀಟು ಮಾರಾಟವಾಗುತ್ತದೆ ಎಂಬ ನೆನಪು ಮೊದಲ ಸಲ ಒಂದೆಡೆ ಸೇರಿತು.

ಆ ನೆನಪನ್ನು ಬೆಲೆಯಾಗಿಸುವ ಸೂತ್ರವನ್ನು 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ ಕೊಟ್ಟರು. ದುಬಾರಿ ದರ 100, ಅಗ್ಗದ ದರ 40 ಎನ್ನಿ. ಅಗ್ಗದ ಗಿರಾಕಿ ಇವತ್ತೇ ಕೇಳುತ್ತಿದ್ದಾನೆ. ದುಬಾರಿ ಗಿರಾಕಿ ಕೊನೆಯ ವಾರ ಬರಬಹುದು, ಬಾರದಿರಲೂಬಹುದು. ಈ ಸೀಟಿಗೆ ದುಬಾರಿ ಗಿರಾಕಿ ಬರುವ ಸಾಧ್ಯತೆ ನೂರಕ್ಕೆ 40ಕ್ಕಿಂತ ಹೆಚ್ಚಿದ್ದರೆ ಅಗ್ಗದವನಿಗೆ ಇಲ್ಲ ಅನ್ನಿ, ಕಡಿಮೆಯಿದ್ದರೆ ಕೊಟ್ಟುಬಿಡಿ. ಹತ್ತನೆಯ ಸೀಟಿಗೆ ದುಬಾರಿ ಗಿರಾಕಿ ಬರುವ ಸಾಧ್ಯತೆ ಮೊದಲನೆಯದಕ್ಕಿಂತ ಕಡಿಮೆ, ಹಾಗಾಗಿ ಎಷ್ಟು ಸೀಟು ಕಾಪಾಡಿಡಬೇಕು ಎಂಬುದು ತಾನಾಗಿ ಹೊರಬೀಳುತ್ತದೆ. ಬೆಳಿಗ್ಗೆ ಇದ್ದ ಅಗ್ಗದ ದರ ಸಂಜೆ ಮಾಯವಾಗುವುದು ಹೆಚ್ಚಿನ ಸಲ ಇದರಿಂದ: ಆ ದರದ ಪಾಲಿಗಿದ್ದ ಸೀಟು ಮುಗಿಯಿತು, ಮುಂದಿನ ದರದ ಬಾಗಿಲು ತೆರೆಯಿತು. ನಾಲ್ವರಿಗೆ ಒಟ್ಟಿಗೆ ಹುಡುಕಿದಾಗ ದರ ಏರಿ ಕಂಡರೆ, ಒಬ್ಬರಿಗೆಂದು ಹುಡುಕಿ ನೋಡಿ. ಅಗ್ಗದ ಪಾಲಿನಲ್ಲಿ ಮೂರೇ ಸೀಟು ಉಳಿದಿದ್ದರೆ ಹಲವು ವ್ಯವಸ್ಥೆಗಳು ನಾಲ್ವರಿಗೂ ಮುಂದಿನ ದರವನ್ನೇ ತೋರಿಸುತ್ತವೆ.

ಸೂತ್ರ ಸಾಲದು, ಬೇಲಿಯೂ ಬೇಕು. ಇಲ್ಲದಿದ್ದರೆ ದುಬಾರಿ ಕೊಡಬಲ್ಲವರೂ ಅಗ್ಗದ್ದನ್ನೇ ಕೊಳ್ಳುತ್ತಾರೆ. ವಾರಗಟ್ಟಲೆ ಮುಂಚೆ ಕೊಳ್ಳಬೇಕು, ಹಣ ವಾಪಸಿಲ್ಲ, ಶನಿವಾರ ರಾತ್ರಿ ಅಲ್ಲೇ ತಂಗಬೇಕು ಎಂಬ ಷರತ್ತುಗಳೆಲ್ಲ ಈ ಬೇಲಿಯ ಗೂಟಗಳು. ಕೆಲಸಕ್ಕೆ ಹೋದವರು ವಾರಾಂತ್ಯಕ್ಕೆ ಮನೆ ಸೇರಲು ಬಯಸುತ್ತಾರೆ, ಶನಿವಾರದ ಷರತ್ತು ಅವರನ್ನು ಸೋಸಿ ಬೇರೆ ಮಾಡುತ್ತಿತ್ತು. 1978ರಲ್ಲಿ ಅಮೆರಿಕ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದ ಮೇಲೆ ಇದು ಪೂರ್ಣ ಆಯುಧವಾಯಿತು. 1981ರಲ್ಲಿ ಹಾರಾಟ ಶುರುಮಾಡಿದ ಪೀಪಲ್ ಎಕ್ಸ್‌ಪ್ರೆಸ್ ಎಲ್ಲರಿಗೂ ಒಂದೇ ಅಗ್ಗದ ದರ ಎಂದು ಗೆದ್ದಿತ್ತು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೆಲವೇ ಸೀಟುಗಳಿಗೆ ಅಷ್ಟೇ ಅಗ್ಗದ ದರ ಹಚ್ಚಿ, ಉಳಿದವನ್ನು ದುಬಾರಿಯಾಗಿಯೇ ಕಾಪಾಡಿಕೊಂಡಿತು. 1987ರ ಫೆಬ್ರವರಿಗೆ ಪೀಪಲ್ ಎಕ್ಸ್‌ಪ್ರೆಸ್ ಇರಲಿಲ್ಲ, ಕಾಂಟಿನೆಂಟಲ್‌ನಲ್ಲಿ ಲೀನವಾಗಿತ್ತು. ಆ ಕಂಪನಿಯ ವಿಮಾನಗಳೂ ಕೆಲಸಗಾರರೂ ಕೆಟ್ಟವರಾಗಿರಲಿಲ್ಲ, ಸೀಟಿನ ಲೆಕ್ಕ ಇಡುವ ಯಂತ್ರ ಅವರ ಬಳಿ ಇರಲಿಲ್ಲ.

ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದೂ ಇದೇ ಲೆಕ್ಕದ ಮರಿ. 180 ಸೀಟಿಗೆ ನೂರಕ್ಕೆ ಐವರು ಬಾರದಿದ್ದರೆ ಒಂಬತ್ತು ಸೀಟು ಖಾಲಿ, ಹಾಗಾಗಿ ಐದಾರು ಟಿಕೆಟ್ ಹೆಚ್ಚು ಮಾರುತ್ತಾರೆ. ಎಲ್ಲರೂ ಬಂದರೆ? ಹಿಂದೆ ತಡವಾಗಿ ಬಂದವರನ್ನೋ ಜಗಳವಾಡದವರನ್ನೋ ಸುಮ್ಮನೆ ಬಿಟ್ಟುಹೋಗುತ್ತಿದ್ದರು. ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲಿ ಒಂದು ದಾರಿ ಹೇಳಿದರು: ಯಾರು ಎಷ್ಟು ಪರಿಹಾರಕ್ಕೆ ಸಂತೋಷದಿಂದ ಇಳಿಯುತ್ತಾರೆಂದು ಕೇಳಿ, ಕಡಿಮೆ ಕೇಳಿದವರನ್ನು ಇಳಿಸಿ. ಏರ್‌ಲೈನ್‌ಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷದ ನಂತರ ಅಮೆರಿಕದ ವಿಮಾನಯಾನ ಮಂಡಳಿಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಕಾನ್ ಅದನ್ನು ನಿಯಮವಾಗಿಸಿದರು. ಖಾಲಿ ಸೀಟಿನ ಇಡೀ ಚರಿತ್ರೆಯಲ್ಲಿ ಪ್ರಯಾಣಿಕನ ಮರ್ಯಾದೆ ಉಳಿಸಿದ ಉಪಾಯ ಇದೊಂದೇ ಎನ್ನುವಷ್ಟು ನನಗೆ ಇದು ಇಷ್ಟ.

ಕೋಣೆಯೇ ಇಲ್ಲದ ವ್ಯಾಪಾರ

1995ರ ಫೆಬ್ರವರಿಯಲ್ಲಿ ಡೆಲ್ಟಾ ಏರ್‌ಲೈನ್ಸ್ ಏಜೆಂಟರಿಗೆ ಸಿಗುತ್ತಿದ್ದ ನೂರಕ್ಕೆ ಹತ್ತರ ಕಮಿಷನ್ನಿಗೆ ಮಿತಿ ಹಾಕಿತು: ಅಮೆರಿಕದೊಳಗಿನ ಹೋಗಿಬರುವ ಟಿಕೆಟ್ಟಿಗೆ ಹೆಚ್ಚೆಂದರೆ 50 ಡಾಲರ್. ಉಳಿದ ಕಂಪನಿಗಳು ಹಿಂದೆಯೇ ಬಂದವು. 2002ರ ಹೊತ್ತಿಗೆ ಅಲ್ಲಿನ ದೊಡ್ಡ ಏರ್‌ಲೈನ್‌ಗಳು ಮೂಲ ಕಮಿಷನ್ನನ್ನೇ ನಿಲ್ಲಿಸಿದವು. ಕುಕ್ ಕಟ್ಟಿದ ಕಸುಬಿನ ಕಾಲಕೆಳಗಿನ ನೆಲ ಹೀಗೆ ಸರಿಯಿತು. ಅದೇ ಕಾಲಕ್ಕೆ, 1996ರಲ್ಲಿ, ಮೈಕ್ರೋಸಾಫ್ಟ್ ಒಳಗೆ ಎಕ್ಸ್‌ಪೀಡಿಯಾ, ನೆದರ್ಲೆಂಡ್ಸಿನಲ್ಲಿ ಮುಂದೆ ಬುಕಿಂಗ್ ಡಾಟ್ ಕಾಮ್ ಆದ ತಾಣ, ಹೀಗೆ ಎರಡು ಬುಕಿಂಗ್ ಜಾಲತಾಣಗಳು ಶುರುವಾದವು.

ಎರಡರ ಹಳೆಯ ಪದ್ಧತಿ ಬೇರೆಬೇರೆ. ಮೊದಲನೆಯದು ಹೋಟೆಲಿನಿಂದ ಇಳಿಸಿದ ದರಕ್ಕೆ ಕೋಣೆ ಪಡೆದು, ಪೂರ್ತಿ ಹಣವನ್ನು ಬುಕಿಂಗ್ ದಿನವೇ ವಸೂಲಿ ಮಾಡಿ, ಹೋಟೆಲಿಗೆ ಆಮೇಲೆ ಕೊಡುತ್ತಿತ್ತು. ಕೂಪನ್ನಿನ ಮೊಮ್ಮಗು ಇದು. ಎರಡನೆಯದು ಹಣ ಮುಟ್ಟದೆ, ಅತಿಥಿ ಹೋಟೆಲಿನಲ್ಲೇ ಪಾವತಿಸಿದ ಮೇಲೆ ಕಮಿಷನ್ ಬಿಲ್ ಕಳುಹಿಸುತ್ತಿತ್ತು, ಸಾಮಾನ್ಯವಾಗಿ ನೂರಕ್ಕೆ 15ರ ಆಸುಪಾಸು. ಎರಡರಲ್ಲೂ ತಾಣದ ಬಳಿ ಒಂದು ಕೋಣೆಯೂ ಸ್ವಂತದ್ದಲ್ಲ, ಒಂದು ಕೋಣೆ ತುಂಬಿಸುವ ಹೊಣೆಯೂ ತನ್ನದಲ್ಲ. ಕುಕ್ ಅವರೂ ರೈಟ್ಸ್ ಅವರೂ ಹೊತ್ತ ಭಾರ ಇಲ್ಲಿಗೆ ಪೂರ್ತಿ ಕೋಣೆಯ ಒಡೆಯರ ಹೆಗಲಿಗೆ ಮರಳಿತು. ಉಚಿತ ರದ್ದತಿ ಬಂದ ಮೇಲೆ ಜನ ಒಂದೇ ದಿನಕ್ಕೆ ಮೂರು ಹೋಟೆಲ್ ಕಾದಿರಿಸಿ ಎರಡನ್ನು ಕೊನೆಗೆ ಬಿಡುವುದನ್ನು ಕಲಿತರು. ಹೋಟೆಲಿನವರು ಅದಕ್ಕೆ ಉತ್ತರವಾಗಿ ವಾಪಸಿಲ್ಲದ ಅಗ್ಗದ ದರ, ರದ್ದುಮಾಡಬಹುದಾದ ದುಬಾರಿ ದರ ಎಂದು ಎರಡು ಬೆಲೆ ಇಟ್ಟರು. ಈ ಎರಡು ಬೆಲೆಗಳ ವ್ಯತ್ಯಾಸವೇ ಆ ರಾತ್ರಿಯ ಅಪಾಯದ ಬೆಲೆ.

2020ರಲ್ಲಿ ಕೋವಿಡ್ ಬಂದು ಎಲ್ಲ ಸೀಟು, ಎಲ್ಲ ಕೋಣೆ ಒಟ್ಟಿಗೆ ಖಾಲಿಯಾದವು. 2019ರಲ್ಲಿ ದೇಶದ ಗಡಿ ದಾಟಿದ ಪ್ರವಾಸಗಳು ಸುಮಾರು 146 ಕೋಟಿ, ಮರುವರ್ಷ ಅದರಲ್ಲಿ ಮುಕ್ಕಾಲಿನಷ್ಟು ಇಲ್ಲವಾಯಿತು. ಮಾರ್ಚ್ ಮಧ್ಯದಲ್ಲಿ, ಜನರ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ತಾಣ ಏರ್‌ಬಿಎನ್‌ಬಿ ಅತಿಥಿಗಳಿಗೆ ಪೂರ್ತಿ ಹಣ ಮರಳಿಸುವುದಾಗಿ ಹೇಳಿತು, ಮನೆಯೊಡೆಯರು ತಾವು ಆರಿಸಿಕೊಂಡಿದ್ದ ರದ್ದತಿ ನಿಯಮ ಏನೇ ಇರಲಿ. ಮನೆ ಬಾಡಿಗೆಯಿಂದ ಸಾಲದ ಕಂತು ಕಟ್ಟುತ್ತಿದ್ದವರು ರೊಚ್ಚಿಗೆದ್ದರು. ಎರಡು ವಾರಗಳ ಬಳಿಕ ಕಂಪನಿ 25 ಕೋಟಿ ಡಾಲರ್ ತೆಗೆದಿಟ್ಟು, ರದ್ದತಿ ನಿಯಮದಂತೆ ಅವರಿಗೆ ಸಿಗಬೇಕಿದ್ದುದರ ಕಾಲು ಭಾಗ ಕೊಡುವುದಾಗಿ ಹೇಳಿತು. ವಿಮಾನ ಕಂಪನಿಗಳಲ್ಲಿ ಹಲವು ನಗದಿನ ಬದಲು ವೋಚರ್ ಹಿಡಿಸಿದವು.

ಆ ತಿಂಗಳುಗಳಲ್ಲಿ ರೀಫಂಡ್ ಸಿಗದೆ ಅಲೆದವರಲ್ಲಿ ಬಹಳ ಜನರಿಗೆ ತಮ್ಮ ಹಣ ಯಾರ ಬಳಿ ಇದೆ ಎಂಬುದೇ ಗೊತ್ತಿರಲಿಲ್ಲ. ತಾಣದವರು ಏರ್‌ಲೈನ್ ಕಡೆ, ಏರ್‌ಲೈನ್‌ನವರು ತಾಣದ ಕಡೆ ಬೆರಳು ತೋರಿಸಿದರು. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರಿದೆಯೋ ಹಣ ಹಿಡಿದವರು ಸಾಮಾನ್ಯವಾಗಿ ಅವರೇ, ರೀಫಂಡ್ ಅರ್ಜಿ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಬುಕಿಂಗ್ ಆದಾಗ ಬರುವ ಆರು ಅಕ್ಷರಗಳ ಪಿಎನ್‌ಆರ್ ಕೇವಲ ಕಾದಿರಿಸಿದ ಗುರುತು. ಇಂಥ ಸಂಖ್ಯೆ ಕೊಡದ ಕೆಲವು ಅಗ್ಗದ ಏರ್‌ಲೈನ್‌ಗಳನ್ನು ಬಿಟ್ಟರೆ, ಟಿಕೆಟ್ ನಿಜವಾಗಿ ಹೊರಟಿದೆ ಎನ್ನಲು 13 ಅಂಕಿಗಳ ಟಿಕೆಟ್ ಸಂಖ್ಯೆ ಬೇಕು, ಅದರ ಮೊದಲ ಮೂರು ಅಂಕಿ ಏರ್‌ಲೈನ್‌ನದ್ದು. ಅದು ಒಂದು ದಿನ ಕಳೆದರೂ ಬಾರದಿದ್ದರೆ ಕೂಡಲೇ ವಿಚಾರಿಸಿ, ಗಡುವು ಮೀರಿದ ಪಿಎನ್‌ಆರ್ ತಾನಾಗಿ ಅಳಿಯುತ್ತದೆ. ಎರಡು ಹಾರಾಟಗಳನ್ನು ಬೇರೆಬೇರೆ ಟಿಕೆಟ್ಟಿನಲ್ಲಿ ಕೊಂಡು ಮೊದಲನೆಯದು ತಡವಾದರೆ ಎರಡನೆಯದರ ಏರ್‌ಲೈನ್ ನಿಮ್ಮನ್ನು ಬಾರದವರ ಪಟ್ಟಿಗೆ ಸೇರಿಸುತ್ತದೆ, ಮುಂದಿನ ವಿಮಾನದಲ್ಲಿ ಜಾಗ ಕೊಡುವ ಬಾಧ್ಯತೆ ಅದಕ್ಕಿಲ್ಲ. ಒಂದೇ ಟಿಕೆಟ್ಟಿನ ಮೊದಲ ಹಾರಾಟವನ್ನು ನೀವಾಗಿ ಬಿಟ್ಟರೂ ಸಾಮಾನ್ಯವಾಗಿ ಉಳಿದವೆಲ್ಲ ರದ್ದಾಗುತ್ತವೆ. ನೀವು ಬಿಟ್ಟುಹೋದ ಆ ಸೀಟಿಗೆ ಹೊಸ ಗಿರಾಕಿಯ ಹುಡುಕಾಟ ಅಷ್ಟು ಹೊತ್ತಿಗೆ ಶುರುವಾಗಿರುತ್ತದೆ.